ಸೊನ್ನೆ ಸಾಹೇಬನ ಹನ್ನೊಂದನೇ ಸಾಲು

ಕಚೇರಿಯಲ್ಲಿ ನನ್ನನ್ನು ಸೊನ್ನೆ ಸಾಹೇಬ ಅನ್ನುತ್ತಾರೆ. ಶಾಲೆಯಲ್ಲಿ ಬರುತ್ತಿದ್ದ ಅಂಕಗಳಿಗೂ ಈ ಹೆಸರು ಒಪ್ಪುತ್ತಿತ್ತು, ಆದರೆ ಇದು ದುಡಿದು ಸಂಪಾದಿಸಿದ್ದು. ಹಡಗಿನಲ್ಲಿ ಸಾಮಾನು ಕಳಿಸಿಕೊಡುವ ಕಂಪನಿಯಲ್ಲಿ ಹತ್ತೊಂಬತ್ತು ವರ್ಷದಿಂದ ಕೊಟೇಶನ್ ಬರೆಯುತ್ತಿದ್ದೇನೆ. ಇಡೀ ಕಂಟೇನರ್ ತುಂಬುವಷ್ಟು ಸಾಮಾನಿಲ್ಲದ ಹತ್ತಾರು ಜನರ ಪೆಟ್ಟಿಗೆಗಳನ್ನು ನಾವು ಒಂದೇ ಕಂಟೇನರಿಗೆ ಸೇರಿಸಿ ಕಳಿಸುತ್ತೇವೆ. ಅವರಿಗೆ ಕೊಡುವ ಕಾಗದದಲ್ಲಿ ‘ಹಡಗಿನ ಬಾಡಿಗೆ’ ಎಂಬುದರ ಮುಂದೆ ನಾನು ದುಂಡಗೆ ಒಂದು ಸೊನ್ನೆ ಬರೆಯುತ್ತೇನೆ. ಗಿರಾಕಿ ಅದನ್ನು ನೋಡಿ, ನಕ್ಕು, ಸಹಿ ಹಾಕಿ ಹೋಗುತ್ತಾನೆ. ಕಾಗದದ ಹಿಂಬದಿ ನೋಡುವುದಿಲ್ಲ.

ಹಿಂಬದಿಯಲ್ಲಿ ಇರುವೆಯಂಥ ಅಕ್ಷರದಲ್ಲಿ ಹದಿನಾಲ್ಕು ಸಾಲುಗಳಿವೆ. ಹನ್ನೊಂದನೆಯದು ನನ್ನ ಸ್ವಂತ ಕೃತಿ: ‘ತಲುಪುವ ಬಂದರಿನ ಸಕಲ ಖರ್ಚೂ ಸಾಮಾನು ಬಿಡಿಸಿಕೊಳ್ಳುವವರದು.’ ಇಲ್ಲಿ ಬಿಟ್ಟುಕೊಟ್ಟ ಬಾಡಿಗೆಯನ್ನು ಆಚೆ ದಡದ ನಮ್ಮ ಪಾಲುದಾರರು ಇಳಿಸಿದ್ದಕ್ಕೆ, ಬೇರ್ಪಡಿಸಿದ್ದಕ್ಕೆ, ಕಾಗದ ಕೊಟ್ಟದ್ದಕ್ಕೆ, ಗೋಡೌನಿನಲ್ಲಿ ಇಟ್ಟದ್ದಕ್ಕೆ ಎಂದು ವಸೂಲಿ ಮಾಡಿ, ನಮಗೂ ಪಾಲು ಕಳಿಸುತ್ತಾರೆ. ಆ ಒಂದು ಸಾಲಿಗೆ ಮಾಲೀಕರು ಬೆನ್ನು ತಟ್ಟಿ, ನನಗೆ ಕಿಟಕಿ ಪಕ್ಕದ ಮೇಜು ಕೊಟ್ಟರು. ಅವತ್ತು ತಲೆಯ ಮೇಲೆ ಎರಡು ಕೋಡು ಮೂಡಿದವು.

ನನಗೆ ಇರುವುದು ಒಬ್ಬಳೇ ಅಕ್ಕ, ಟೈಲರ್. ಅಪ್ಪ ಹೋದ ಮೇಲೆ ಹೊಲಿದು ಹೊಲಿದೇ ನನ್ನನ್ನು ಓದಿಸಿದವಳು. ಹೋದ ವರ್ಷ ಗೆಳತಿಯೊಬ್ಬಳ ಜೊತೆ ಸೇರಿ ಕಡಲಾಚೆಯ ಊರಿನಲ್ಲಿ ಅಂಗಡಿ ಹಿಡಿದಳು. ಅಲ್ಲಿನ ಆಸ್ಪತ್ರೆಯೊಂದರ ನರ್ಸುಗಳ ಯೂನಿಫಾರ್ಮ್ ಹೊಲಿಯುವ ಕೆಲಸ ಸಿಕ್ಕಿತು. ಒಂದನೇ ತಾರೀಖಿಗೆ ಶುರು ಮಾಡದಿದ್ದರೆ ಕೆಲಸ ಬೇರೆಯವರಿಗೆ. ಅವಳ ಮೂರು ಮಷೀನುಗಳು ಇನ್ನೂ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿದ್ದವು.

“ಹೊಸದು ನನ್ನ ಕಾಲಿಗೆ ಒಗ್ಗಲ್ಲ ಕಣೋ, ಅವನ್ನೇ ಕಳಿಸು. ಸಾಗಣೆಗೆ ಎಷ್ಟು ತೆಗೆದಿಡಲಿ?” ಎಂದು ಫೋನ್‌ನಲ್ಲಿ ಕೇಳಿದಳು.

“ಏನೂ ಬೇಡ. ತಮ್ಮ ಅಂತ ಯಾಕಿದೀನಿ?”

“ಆಮೇಲೆ ಅದೂ ಇದೂ ಅಂತ ಕೇಳಲ್ವಾ?”

“ಅಕ್ಕಾ, ಈ ಲೈನಲ್ಲಿ ನನಗೇ ಪಾಠ ಹೇಳ್ತೀಯಾ?”

ಅವಳು ಹೇಳಬೇಕಿತ್ತು, ಹೇಳಲಿಲ್ಲ. ಮಷೀನು ತುಂಬಿದ ಪೆಟ್ಟಿಗೆಯನ್ನು ಹಿಡಿಕೆ ಸಮೇತ ಅಳೆಯಬೇಕು, ಇಲ್ಲದಿದ್ದರೆ ಗೋಡೌನಿನವರು ತಮ್ಮ ಅಳತೆ ಹಿಡಿದು ಹೆಚ್ಚು ಕೀಳುತ್ತಾರೆ. ಅಳೆದೆ. ಪೆಟ್ಟಿಗೆಯ ಮರಕ್ಕೆ ಹುಳು ಇಲ್ಲವೆಂಬ ಮುದ್ರೆ ಬೇಕು. ಹಾಕಿಸಿದೆ. ಇಷ್ಟೆಲ್ಲ ಶಾಣ್ಯಾತನ ತೋರಿಸಿ ಕೊಟೇಶನ್ ಬರೆಯಲು ಕೂತಾಗ, ಕೈ ತಾನಾಗಿ ಸೊನ್ನೆ ಸುತ್ತಿತು. ‘ಆಚೆ ದಡದ ಖರ್ಚು ಯಾರದು’ ಎಂಬಲ್ಲಿ ತಾನಾಗಿ ‘ಬಿಡಿಸಿಕೊಳ್ಳುವವರು’ ಎಂಬುದಕ್ಕೆ ಟಿಕ್ ಹಾಕಿತು. ಅದರ ಕೆಳಗೇ ಅಕ್ಕನ ಹೆಸರು, ನನ್ನದೇ ಅಕ್ಷರದಲ್ಲಿ. ನಮ್ಮ ಕಚೇರಿಯಲ್ಲಿ ಬಿಡಿಸಿಕೊಳ್ಳುವವರು ಎಂದರೆ ಯಾರೋ. ಹತ್ತೊಂಬತ್ತು ವರ್ಷದಲ್ಲಿ ಅಂಥ ಒಬ್ಬರ ಮುಖವನ್ನೂ ನಾನು ನೋಡಿಲ್ಲ. ಈ ಸಲ ಅದು ಅಕ್ಕ ಎಂದು ನನ್ನ ಮಂಡೆಗೆ ಹೊಳೆಯಲೇ ಇಲ್ಲ.

ಇಪ್ಪತ್ತೇಳನೇ ತಾರೀಖು, ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಫೋನ್ ಬಂತು.

“ದುಡ್ಡು ಕಟ್ಟಿದ್ರೇನೇ ಮಷೀನು ಬಿಡ್ತಾರಂತೆ ಕಣೋ. ಬಟ್ಟೆ ತರೋಕೆ ಇಟ್ಟಿದ್ದೆಲ್ಲ ಸುರಿದ್ರೂ ಸಾಲಲ್ಲ. ದಿನಾ ಗೋಡೌನ್ ಬಾಡಿಗೆ ಬೇರೆ ಏರ್ತಿದೆ. ನೀನು ಏನೂ ಇಲ್ಲ ಅಂದಿದ್ದೆ.”

ಬಿಲ್ಲು ನನ್ನ ಎರಡು ತಿಂಗಳ ಸಂಬಳದಷ್ಟಿತ್ತು. ನೇರವಾಗಿ ಬಾಡಿಗೆ ಕೊಟ್ಟು, ಆಚೆಯ ಖರ್ಚಿನ ಪೂರ್ತಿ ಪಟ್ಟಿಯನ್ನು ಮೊದಲೇ ಬರೆಸಿಕೊಂಡಿದ್ದರೆ ಅರ್ಧದಲ್ಲಿ ಮುಗಿಯುತ್ತಿತ್ತು. ನನಗಿದು ಚೆನ್ನಾಗಿ ಗೊತ್ತು. ಗಿರಾಕಿಗಳಿಗೆ ಗೊತ್ತಾಗಬಾರದು ಅಂತಲೇ ನನಗೆ ಸಂಬಳ ಕೊಡುವುದು.

ಮಾಲೀಕರ ಕೋಣೆಗೆ ಓಡಿದೆ. ಅವರು ಪಾಪ, ಸಮಾಧಾನವಾಗಿಯೇ ಹೇಳಿದರು: “ಆಚೆ ದಡ ನಮ್ಮ ಕೈಲಿಲ್ಲ ಅಂತ ಹೇಳಿಬಿಡ್ರಿ.” ಹೊಸಬರು ಕೆಲಸಕ್ಕೆ ಸೇರಿದಾಗ ನಾನೇ ಬಾಯಿಪಾಠ ಮಾಡಿಸುವ ಮಾತು ಅದು. ಹೊರಗೆ ಬಂದೆ.

ಸ್ಕೂಟರ್ ಕೊಳ್ಳಲು ಎರಡು ವರ್ಷ ಕೂಡಿಟ್ಟದ್ದನ್ನು ಅವತ್ತೇ ಅಕ್ಕನಿಗೆ ಕಳಿಸಿದೆ. ಕಳಿಸಿ ಸುಮ್ಮನಿರಬಹುದಿತ್ತು, ಜಂಬ ಬಿಡಬೇಕಲ್ಲ. “ಇಲ್ಲಿ ಎಲ್ಲರನ್ನೂ ತರಾಟೆಗೆ ತಗೊಂಡೆ. ಕಂಪನಿಯವರೇ ಬಾಯ್ಮುಚ್ಕೊಂಡು ಕೊಟ್ರು” ಅಂದೆ.

ಒಂದನೇ ತಾರೀಖು ಅವಳೇ ಫೋನ್ ಮಾಡಿದಳು. ಹಿಂದುಗಡೆ ಮಷೀನಿನ ಸದ್ದು ಕೇಳುತ್ತಿತ್ತು. ಆ ಸದ್ದಿನಲ್ಲೇ ನಾನು ಬೆಳೆದದ್ದು, ಮನಸ್ಸು ತುಂಬಿ ಬಂತು.

“ನನ್ನ ತಮ್ಮ ಇಲ್ದಿದ್ರೆ ಬೀದಿಗೆ ಬೀಳ್ತಿದ್ದೆ ಅಂತ ಇಲ್ಲಿ ಎಲ್ಲರ ಹತ್ರಾನೂ ಹೇಳ್ತಿದೀನಿ” ಅಂದಳು. “ನೀನು ಕಳಿಸಿದ ಕಾಗದ ಇವತ್ತು ತಿರುಗಿಸಿ ನೋಡ್ದೆ ಕಣೋ. ಕನ್ನಡಕ ಸಾಲದೆ ಭೂತಗನ್ನಡಿ ಹಿಡಿದು ಓದ್ದೆ. ಹನ್ನೊಂದನೇ ಸಾಲು, ಕೇಳು.” ಹೊಲಿಯುತ್ತಲೇ ಬಾಯಿಪಾಠ ಒಪ್ಪಿಸಿದಂತೆ ನಿಧಾನವಾಗಿ ಹೇಳಿದಳು. “ಇದನ್ನ ಬರೆದೋನಿಗೆ ಅಕ್ಕತಂಗೀರು ಯಾರೂ ಇಲ್ವೇನೋ?”

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ನಾಚಿಕೆಯಾಯಿತು.

“ಒಬ್ಬಳಿದಾಳೆ ಅಕ್ಕಾ” ಅಂದೆ. “ಟೈಲರ್.”

ಮಷೀನು ನಿಂತಿತು. ಅವಳು ಕೇಳಿದಳು:

“ದುಡ್ಡೂ ನಿಂದೇನಾ?”

“ಹೂಂ.”

“ಸ್ಕೂಟರಿಗೆ ಇಟ್ಟಿದ್ದು?”

“ಹೂಂ.”

“ಸರಿ. ನಡ್ಕೊಂಡೇ ಓಡಾಡು, ಬುದ್ಧಿ ಬರುತ್ತೆ.” ಮಷೀನು ಮತ್ತೆ ಶುರುವಾಯಿತು. ಫೋನ್ ಮಾತ್ರ ಅವಳು ಇಡಲಿಲ್ಲ. ನಾನೂ ಇಡಲಿಲ್ಲ.

ಈಗ ಕಚೇರಿಗೆ ನಡೆದೇ ಹೋಗುತ್ತೇನೆ. ಆ ಸಾಲನ್ನು ತೆಗೆಸುವುದು ನನ್ನಿಂದಾಗಲಿಲ್ಲ, ಅಷ್ಟು ಗಟ್ಟಿಯಾಗಿ ಬರೆದುಬಿಟ್ಟಿದ್ದೇನೆ. ಗಿರಾಕಿ ಸಹಿಗೆ ಪೆನ್ನು ಎತ್ತಿದಾಗ ಕಾಗದವನ್ನು ಮಗುಚಿ ಇಟ್ಟು, “ಆಚೆ ದಡದಲ್ಲಿ ಇದನ್ನ ಬಿಡಿಸ್ಕೊಳ್ಳೋರು ನಿಮಗೆ ಏನಾಗ್ಬೇಕು?” ಎಂದು ಕೇಳುತ್ತೇನೆ. ಹೆಚ್ಚಿನವರು ಪೆನ್ನು ಕೆಳಗಿಡುತ್ತಾರೆ. ಕಿಟಕಿ ಪಕ್ಕದ ಮೇಜನ್ನು ಮಾಲೀಕರು ಹೋದ ವಾರ ಬೇರೆಯವರಿಗೆ ಕೊಟ್ಟರು.