ಕಿವಿಗೆ ಎಣ್ಣೆ ಬಿಡಿ

ಆ ಸಾಲು ಡಾಕ್ಟರು ಹೇಳಿದ್ದಲ್ಲ, ಸಂಜೀವಣ್ಣ ಬರೆದದ್ದೂ ಅಲ್ಲ. ನಾನು ಬರೆದದ್ದು. ಬರೆಯುವಾಗ ತಪ್ಪು ಮಾಡಿದೆ; ಕೇಳಿದಾಗ ಸುಳ್ಳು ಹೇಳಿದೆ. ತಪ್ಪಿಗೆ ಕ್ಷಮೆ ಇರಬಹುದು. ಸುಳ್ಳಿಗೆ — ಅದನ್ನು ತೀರ್ಮಾನಿಸುವವಳು ನಾನಲ್ಲ.

ಸಂಜೀವಣ್ಣ ಯಾರೆಂದು ಈಗಿನವರಿಗೆ ತಿಳಿದಿರಲಿಕ್ಕಿಲ್ಲ. ಕಾಪುವಿನವರು. ಉಡುಪಿಯಲ್ಲಿ ವ್ಯಾಯಾಮಶಾಲೆ ಇಟ್ಟಿದ್ದರು. ಅದರ ಮಹಡಿಯಲ್ಲಿ ‘ಮೈಕಟ್ಟು’ ಎಂಬ ಮಾಸಪತ್ರಿಕೆ. ಐವತ್ತರ ದಶಕ ಮುಗಿಯುತ್ತಿದ್ದ ಕಾಲ. ಕೆಳಗೆ ಯಾರಾದರೂ ಡಂಬೆಲ್ಸ್ ನೆಲಕ್ಕೆ ಹಾಕಿದರೆ ಮೇಲೆ ನನ್ನ ಮೇಜಿನ ಇಂಕು ಕುಲುಕುತ್ತಿತ್ತು. ಸಂಜೀವಣ್ಣ ಹಿರಿಯಡ್ಕ, ಕಾರ್ಕಳ ಎಂದು ಬಸ್ಸಿನಲ್ಲಿ ತಿರುಗಿ, ಶಾಲೆಗಳ ಅಂಗಳದಲ್ಲಿ ಬನಿಯನ್ ಕಳಚಿ ತೋಳು ತೋರಿಸಿ, ಕಬ್ಬಿಣದ ಸರಳು ಬಗ್ಗಿಸಿ, ಕೊನೆಗೆ ಬೆವರು ಒರೆಸಿಕೊಳ್ಳುತ್ತಾ ಚಂದಾದಾರರಾಗಿ ಎಂದು ಕೈಮುಗಿಯುತ್ತಿದ್ದರು. ಅವರಿಗೆ ಅದೊಂದು ಮಿಷನ್. ಡಾಕ್ಟರರ ಬಾಗಿಲು ಕಾಣದವರ ಮನೆಗೂ ಡಾಕ್ಟರರ ಒಂದು ಪುಟ ಹೋಗಬೇಕು ಎನ್ನುತ್ತಿದ್ದರು.

ಆ ಪುಟಕ್ಕೇ ನನ್ನನ್ನು ಇಟ್ಟುಕೊಂಡದ್ದು. ಮಣಿಪಾಲದಲ್ಲಿ ಒಬ್ಬ ನಿವೃತ್ತ ಡಾಕ್ಟರಿದ್ದರು, ಮಾತೆಲ್ಲ ಇಂಗ್ಲಿಷ್. ತಿಂಗಳಿಗೊಮ್ಮೆ ನಾನು ಹೋಗಿ ಅವರೆದುರು ಕುಳಿತು, ಅವರು ಹೇಳುತ್ತಾ ಹೋದದ್ದನ್ನು ನೇರ ಕನ್ನಡದಲ್ಲಿ ಬರೆದು ತರಬೇಕು. ಇಂಗ್ಲಿಷ್ ನನಗೆ ನೀರು ಕುಡಿದ ಹಾಗೆ — ಕಾನ್ವೆಂಟಿನ ಸಿಸ್ಟರುಗಳ ಕೃಪೆ. ಮನೆಯಲ್ಲಿ ಕೊಂಕಣಿ. ಕನ್ನಡ ಮಾತ್ರ ಭಾನುವಾರದ ಫ್ರಾಕಿನ ಹಾಗೆ: ಇಸ್ತ್ರಿ ಚೆನ್ನಾಗಿತ್ತು, ಮೈಗೆ ಹೊಂದಿರಲಿಲ್ಲ.

ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಂದು ವ್ಯಾಯಾಮದ ವಿವರಣೆಯನ್ನು ನಾನು “ಕೊನೆಗೆ ಉಸಿರು ಬಿಟ್ಟು ಹಾಯಾಗಿ ಮಲಗಿ” ಎಂದು ಮುಗಿಸಿದ್ದೆ. ಸಂಜೀವಣ್ಣ ಪ್ರೂಫ್ ಹಿಡಿದುಕೊಂಡು ಬಂದರು. ಕ್ರೈಸ್ತ ಹೆಂಗಸರನ್ನು ಕರೆಯುವ ಹಾಗೆ ನನ್ನನ್ನು ಬಾಯಿ ಎಂದೇ ಕರೆಯುತ್ತಿದ್ದರು.

“ಬಾಯಿ, ಚಂದಾದಾರರೆಲ್ಲ ಉಸಿರು ಬಿಟ್ಟು ಮಲಗಿದರೆ ಮುಂದಿನ ಸಂಚಿಕೆ ಯಾರಿಗೆ ಮಾರಾಯ್ರೆ?”

ಪ್ರೆಸ್ಸಿನವರೆಲ್ಲ ನಕ್ಕರು. ಅವರೂ ನಕ್ಕು, ಸಂಶಯ ಬಂದರೆ ಕೇಳಿ, ನಾಚಿಕೆ ಬೇಡ ಎಂದರು. ನಾಚಿಕೆಯಲ್ಲ, ನನಗೆ ಬಂದದ್ದು ಹಟ. ಇನ್ನು ಇವರ ಹತ್ತಿರ ಒಂದು ಶಬ್ದವನ್ನೂ ಕೇಳುವುದಿಲ್ಲ — silly pride, ಇಪ್ಪತ್ತರ ಹರೆಯದ್ದು.

ಆ ತಿಂಗಳ ವಿಷಯ ಕಿವಿ ಸೋರುವುದು. ಮಕ್ಕಳಿಗೆ ಕಿವಿ ಸೋರಿದರೆ ನಮ್ಮ ಕಡೆ ಎಣ್ಣೆ ಕಾಯಿಸಿ ಹಾಕುತ್ತಾರಲ್ಲ, ಡಾಕ್ಟರರಿಗೆ ಅದರ ಮೇಲೆ ಸಿಟ್ಟು. “ಆಯಿಲ್? ನೋ, ನೋ. ಟೆಲ್ ದೆಮ್ ಟು ಲೀವ್ ಇಟ್ ಆಫ್” ಎಂದರು. ನಾನು ಬರೆದೆ: ‘ಸೋರುವ ಕಿವಿಗೆ ಎಣ್ಣೆ ಬಿಡಿ.’

ಲೀವ್ ಎಂದರೆ ಬಿಡಿ. ಅಷ್ಟೇ ನನ್ನ ಲೆಕ್ಕ. ಅನ್ನಕ್ಕೆ ತುಪ್ಪ ಬಿಡಿ ಎಂದರೆ ಯಾರಾದರೂ ತುಪ್ಪವನ್ನು ದೂರ ಇಡುತ್ತಾರೆಯೇ? ಬರೆದ ಮೇಲೆ ಕಣ್ಣು ಒಮ್ಮೆ ಅಲ್ಲಿ ನಿಂತದ್ದೂ ಹೌದು. ಕೇಳೋಣವೇ ಅನಿಸಿತು — ಕೇಳಲಿಲ್ಲ. ಸಂಜೀವಣ್ಣ ಆಗ ಕಾರ್ಕಳದ ಪ್ರದರ್ಶನಕ್ಕೆ ಹೊರಟಿದ್ದರು. ಪ್ರೂಫ್ ಈ ಸಲ ನೀವೇ ನೋಡಿ ಎಂದು ಹೇಳಿ ಹೋಗಿದ್ದರು. ನೋಡಿದೆ. ಅಚ್ಚಾಯಿತು.

ಕೆಲವು ವಾರ ಕಳೆದು ಕಟಪಾಡಿಯ ಒಬ್ಬ ಅಂಗಡಿಯವರು ಮಗಳ ಕೈ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಸುಮತಿ — ಪುಟ್ಟ ಮಗು, ತಲೆಗೆ ಬಟ್ಟೆ ಸುತ್ತಿತ್ತು. ಕಿವಿ ಸೋರುತ್ತಿತ್ತಂತೆ. ನಮ್ಮ ಪತ್ರಿಕೆ ಓದಿ ತಾಯಿ ದಿನಾ ಎಣ್ಣೆ ಬೆಚ್ಚಗೆ ಮಾಡಿ ಬಿಟ್ಟಳಂತೆ. ಕೀವು ಹೆಚ್ಚಿತು, ಜ್ವರ ಏರಿತು, ಎಡಗಿವಿ ಕೇಳಿಸದಾಯಿತು. ಆ ಮನುಷ್ಯ ಜೋರು ಮಾಡಲಿಲ್ಲ. “ನಿಮ್ಮನ್ನು ನಂಬಿದ್ದು ನಾವು” ಎಂದಷ್ಟೇ ಹೇಳಿದರು.

ಸಂಜೀವಣ್ಣ ಸಾಲನ್ನು ಓದಿದರು, ಮತ್ತೆ ಓದಿದರು. ನನ್ನ ಕಡೆ ತಿರುಗಿದರು.

“ಬಾಯಿ, ಡಾಕ್ಟರು ಎಂತ ಹೇಳಿದ್ದು?”

“ಹೀಗೇ ಹೇಳಿದ್ದು” ಎಂದೆ.

ಎಷ್ಟು ಸಲೀಸಾಗಿ ಬಂತು ಆ ಮಾತು! ಅದೇ ಸಂಜೆ ಅವರು ಮಣಿಪಾಲಕ್ಕೆ ಹೋದರು. ನಾನೇಕೆ ಹಾಗೆ ಹೇಳಲಿ, ನಿಮ್ಮ ಹುಡುಗಿಯನ್ನು ಕೇಳಿ ಎಂದು ಡಾಕ್ಟರು ಕೂಗಾಡಿದರಂತೆ. ಆಕೆಯ ಇಂಗ್ಲಿಷಿನಲ್ಲಿ ನನಗೆ ಸಂಶಯವಿಲ್ಲ ಎಂದು ಇವರು ಹೇಳಿ ಬಂದರಂತೆ. ಹೌದು — ನನ್ನ ಇಂಗ್ಲಿಷಿನಲ್ಲಿ ತಪ್ಪಿರಲಿಲ್ಲ. ಡಾಕ್ಟರು ಮತ್ತೆ ಅವರ ಮುಖ ನೋಡಲಿಲ್ಲ. ಆದರೂ ಮುಂದಿನ ಸಂಚಿಕೆಯಲ್ಲಿ ಸಂಜೀವಣ್ಣ ಡಾಕ್ಟರರ ಹೆಸರೆತ್ತದೆ, ತಪ್ಪು ಸಂಪಾದಕನದು ಎಂದು ಮುಖಪುಟದಲ್ಲೇ ಹಾಕಿಸಿದರು. ಅದರ ಪ್ರೂಫ್ ನೋಡಿದವಳೂ ನಾನೇ.

ಕುಸ್ತಿಯ ಗೋದಾ ಬಿಟ್ಟು ವೈದ್ಯಕ್ಕೆ ಇಳಿದ ಪೈಲ್ವಾನ ಎಂದು ಊರು ಆಡಿಕೊಂಡಿತು. ಶಾಲೆಗಳು ಪ್ರದರ್ಶನಕ್ಕೆ ಕರೆಯುವುದನ್ನು ನಿಲ್ಲಿಸಿದವು. ಪತ್ರಿಕೆ ನಿಂತಿತು, ಆಮೇಲೆ ವ್ಯಾಯಾಮಶಾಲೆಯೂ. ಅವರು ಕಾಪುವಿಗೆ ಮರಳಿದರು. ನನಗೆ ಕಾನ್ವೆಂಟಿನಲ್ಲೇ ಟೀಚರ್ ಕೆಲಸ ಸಿಕ್ಕಿತು. ಇಗರ್ಜಿಯಲ್ಲಿ ಪಾಪನಿವೇದನೆಗೆ ಕುಳಿತಾಗ, “ಫಾದರ್, ಐ ಟೋಲ್ಡ್ ಎ ಲೈ” ಎಂದೆ. ಎಂಥ ಸುಳ್ಳು ಎಂದು ಅವರು ಕೇಳಲಿಲ್ಲ. ಕೇಳದಿದ್ದದ್ದು ನನಗೆ ಅನುಕೂಲವೇ ಆಯಿತು.

ಎಷ್ಟೋ ವರ್ಷಗಳ ಮೇಲೆ, ಸಂಜೀವಣ್ಣ ತೀರಿಕೊಂಡ ಸುದ್ದಿ ಬಂದಾಗ ಹೋದೆ. ಕಾಪುವಿನಲ್ಲಿ ಬಸ್ಸಿಳಿದು, ಸಂಜೀವಣ್ಣನವರ ಮನೆ ಎಲ್ಲುಂಟು ಎಂದು ಒಬ್ಬರನ್ನು ಕೇಳಿದೆ. ಯಾವ ಸಂಜೀವ ಎಂದರು. ಪತ್ರಿಕೆ ನಡೆಸುತ್ತಿದ್ದವರು ಎಂದೆ. ಗೊತ್ತಾಗಲಿಲ್ಲ. ಊರವರು ಅವರಿಗೆ ಇಟ್ಟ ಹೆಸರು ನನ್ನ ಕಿವಿಗೂ ಬಿದ್ದಿತ್ತು — ಕೊನೆಗೆ ನಾನೇ, ನನ್ನ ಬಾಯಿಯಿಂದಲೇ, “ಎಣ್ಣೆ ಸಂಜೀವಣ್ಣ” ಎಂದೆ. ಓ, ಅವರಾ ಎಂದು ತಕ್ಷಣ ಕೈ ತೋರಿಸಿದರು.

ಆ ದಿನದಿಂದ ಒಂದು ಕಡೆ ಕುಳಿತುಕೊಳ್ಳಲು ಆಗುವುದಿಲ್ಲ. ಪ್ರಾರ್ಥನೆಗೆ ಮಂಡಿಯೂರಿದರೆ ಅರ್ಧಕ್ಕೇ ಎದ್ದು ಬಿಡುತ್ತೇನೆ. ಎಣ್ಣೆ ಬಿಡದಿದ್ದರೂ ಮಗುವಿನ ಕಿವಿ ಹೋಗುತ್ತಿತ್ತೋ ಏನೋ — ಇಲ್ಲ, ಆ ಮಾತಿನ ಹಿಂದೆ ಅಡಗಿಕೊಳ್ಳುವುದಿಲ್ಲ.

ಸುಮತಿ ಕಟಪಾಡಿಯಲ್ಲೇ ಇದ್ದಾಳಂತೆ, ಮೊಮ್ಮಕ್ಕಳನ್ನು ಕಂಡಿದ್ದಾಳಂತೆ. ಕಿವಿ ಹೇಗೆ ಹೋಯಿತು ಎಂದು ಯಾರಾದರೂ ಕೇಳಿದರೆ ಈಗಲೂ ಸಂಜೀವಣ್ಣನ ಹೆಸರು ಹೇಳುತ್ತಾಳಂತೆ. ಈ ವಾರ ಹೋಗುತ್ತೇನೆ. ಅವಳ ಬಲಗಡೆ ಕುಳಿತು ಹೇಳುತ್ತೇನೆ. ಅವಳು ಬೈದರೆ ಬೈಯಲಿ, ಎದ್ದು ಹೋಗಿ ಎಂದರೆ ಎದ್ದು ಬರುತ್ತೇನೆ. ಆದರೆ ಇನ್ನು ಮುಂದೆ ಯಾರಾದರೂ ಕೇಳಿದಾಗ ಅವಳು ಹೇಳಬೇಕಾದ ಹೆಸರು ಬೇರೆ.

ಎವ್ಲಿನ್.