ದೊರೆಯನ್ನು ಸಾಕಿದ ಮೇಷ್ಟ್ರು

ಅವರ ಅಂಗಿಯ ಎಡತೋಳಿಗೆ ಮಣಿಕಟ್ಟಿನಲ್ಲಿ ಗುಂಡಿ ಹಾಕಿರುತ್ತಿತ್ತು. ಬಲತೋಳು ಮಾತ್ರ ಮೊಣಕೈ ಮೇಲಕ್ಕೆ ಮಡಚಿ, ಮಡಿಕೆಯ ಅಂಚು ಒದ್ದೆಯಾಗಿರುತ್ತಿತ್ತು. ನಂಜನಗೂಡಿನ ಕಾಲೇಜಿಗೆ ಪ್ರಾಣಿಶಾಸ್ತ್ರದ ಪಾಠಕ್ಕೆ ಅವರು ಬರುತ್ತಿದ್ದುದೇ ಹಾಗೆ. ಹಿಂದಿನ ಬೆಂಚಿನ ಹುಡುಗರು, 'ಮೇಷ್ಟ್ರು ಮನೇಲಿ ಪಾತ್ರೆ ತೊಳ್ದು ಬಂದವ್ರೆ ಕಣ್ಲಾ' ಎಂದು ನಗುತ್ತಿದ್ದರು. ನಿಜ ಏನೆಂದು ನನಗೆ ಗೊತ್ತಾದದ್ದು ರೆಕಾರ್ಡಿಗೆ ಸಹಿ ಹಾಕಿಸಲು ಅವರ ಮನೆಗೆ ಹೋದ ದಿನ.

ಹಾಲಿನ ಮಬ್ಬು ಮೂಲೆಯಲ್ಲಿ ಗಾಜಿನ ತೊಟ್ಟಿ. ತಳದಲ್ಲಿ ಗೇಣುದ್ದದ, ತೆಳು ಗುಲಾಬಿ ಬಣ್ಣದ ಒಂದು ಜೀವ. ಪುಟ್ಟ ಕಾಲುಗಳು, ಮೀನಿನಂಥ ಬಾಲ, ಕುತ್ತಿಗೆಯ ಎರಡೂ ಬದಿಗೆ ಕೆಂಪು ಗರಿಯಂತೆ ಹರಡಿದ ಕಿವಿರು. ಬಾಯಿ ನೋಡಿದರೆ ಸದಾ ನಗುತ್ತಿರುವ ಹಾಗೆ. ಮೇಷ್ಟ್ರು ನೀರಿಗೆ ಕೈ ಇಳಿಬಿಟ್ಟು, ತಿಂದು ಉಳಿದ ಎರೆಹುಳುವಿನ ಚೂರುಗಳನ್ನು ಹೆಕ್ಕುತ್ತಾ, 'ಏನ್ ದೊರೆ, ಊಟ ಸೇರ್ಲಿಲ್ವಾ?' ಎಂದು ವಿಚಾರಿಸುತ್ತಿದ್ದರು. ಆಕ್ಸೊಲಾಟಲ್ ಎಂಬ ಹೆಸರನ್ನು ನಾನು ಕೇಳಿದ್ದು ಅಂದೇ. ಮೆಕ್ಸಿಕೋದ ತಣ್ಣನೆಯ ಕೆರೆಯ ಪ್ರಾಣಿ. ಬೆಳೆದು ದಡ ಹತ್ತುವ ಗೋಜಿಗೇ ಹೋಗದೆ ಮರಿಯ ರೂಪದಲ್ಲೇ ಆಯುಷ್ಯ ಕಳೆಯುತ್ತದೆ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದ ಮೊದಲನೆಯವಳು ನಾನು. ಅಪ್ಪ, ಅವ್ವ ಇಬ್ಬರೂ ನಮ್ಮೂರು ಹೆಡತಲೆಯಲ್ಲಿ ಬೇರೆಯವರ ಗದ್ದೆಯಲ್ಲಿ ದುಡಿದವರು. ಇಂಗ್ಲಿಷ್ ಪುಸ್ತಕ ತಲೆಗೆ ಹತ್ತದೆ ಕಾಲೇಜು ಬಿಡಲು ಹೊರಟಿದ್ದಾಗ, ಸಂಜೆ ಲ್ಯಾಬಿನಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಪಾಠ ಬಿಡಿಸಿ ಹೇಳಿದವರು ಈ ಮೇಷ್ಟ್ರು. ಅದನ್ನು ನಾನು ಎಲ್ಲಿ ಬೇಕಾದರೂ ನಿಂತು ಹೇಳುತ್ತೇನೆ. ಸಂತೆಯಿಂದ ತಂದ ಮೀನನ್ನು ಮುಂದಿಟ್ಟುಕೊಂಡು, ಒಳಗೆ ಏನಿರಬಹುದೆಂದು ನಾನು ತೊದಲಿದರೆ ಅವರು ಟೇಬಲ್ ಕುಟ್ಟುತ್ತಿದ್ದರು: 'ಊಹೆ ಬೇಡ ಕಣಮ್ಮ. ಕುಯ್ದು ನೋಡು. ನೋಡಿದ್ದು ಹೇಳು.'

ತೊಟ್ಟಿಯ ಪಾಠ ಬೇರೆಯದೇ. ನಲ್ಲಿ ನೀರನ್ನು ಬಕೆಟ್‌ನಲ್ಲಿ ಹಿಡಿದಿಟ್ಟು, ಬ್ಲೀಚಿಂಗ್ ವಾಸನೆ ಹೋಯಿತೇ ಎಂದು ಬೊಗಸೆಯಲ್ಲಿ ಎತ್ತಿ ಮೂಸುತ್ತಿದ್ದರು. ಆದರೂ ಸಮಾಧಾನವಿಲ್ಲದೆ ಔಷಧಿಯ ಹನಿ ಬಿಡುತ್ತಿದ್ದರು. ಪುಟ್ಟ ಗಾಜಿನ ನಳಿಕೆಯಲ್ಲಿ ತೊಟ್ಟಿಯ ನೀರು ತೆಗೆದು, ಅದಕ್ಕೊಂದು ದ್ರಾವಣ ಹಾಕಿ, ಬಣ್ಣ ಹಸಿರಿಗೆ ತಿರುಗಿದರೆ ಕೊಳಕು ಹೆಚ್ಚಿದೆ ಎಂದು ಸ್ವಲ್ಪ ನೀರು ಬದಲಿಸುತ್ತಿದ್ದರು. ಜೊತೆಗೆ ಬೇರೆ ಮೀನು ಬಿಡಬಾರದು, ಕಿವಿರು ಕಚ್ಚುತ್ತವೆ. ತಳದಲ್ಲಿ ಕಲ್ಲು ಇರಲೇಬಾರದು. ದೊರೆ ಬಾಯಿ ತೆರೆದು ಎದುರಿಗಿದ್ದದ್ದನ್ನೆಲ್ಲ ಒಳಗೆ ಎಳೆದುಕೊಳ್ಳುತ್ತದೆ. ಒಮ್ಮೆ ನಾನು ಸೋಪು ಹಚ್ಚಿ ತೊಳೆದ ಕೈಯನ್ನು ನೀರಿಗೆ ಇಡಲು ಹೋದಾಗ, ಮಣಿಕಟ್ಟು ಹಿಡಿದು ನಿಲ್ಲಿಸಿ, 'ನಿನ್ ಚೊಕ್ಕಟ ಅದಕ್ಕೆ ವಿಷ' ಎಂದು ಬೈದಿದ್ದರು.

ನನಗೆ ತಿ. ನರಸೀಪುರದ ಹೈಸ್ಕೂಲಿನಲ್ಲಿ ಕೆಲಸ ಸಿಕ್ಕಿತು. ಅವರು ನಿವೃತ್ತರಾದರು. ಕಣ್ಣಿಗೆ ಪೊರೆ ಬಂದಾಗ ತೊಟ್ಟಿಯನ್ನು ಆಟೋದಲ್ಲಿ ಹಾಕಿಸಿಕೊಂಡು ನನ್ನ ಬಾಡಿಗೆ ಮನೆಗೇ ತಂದರು. 'ನೀರಿನ ಬಣ್ಣ ನಂಗೆ ಕಾಣ್ತಿಲ್ಲ. ಇನ್ಮೇಲೆ ಇದು ನಿಂದೇ. ನಿನ್ನನ್ ಬಿಟ್ರೆ ಇನ್ಯಾರಿಗೂ ಕೊಡಲ್ಲ' ಎಂದರು. ಡಿಗ್ರಿ ಕೈಗೆ ಬಂದ ದಿನವೂ ನನಗೆ ಅಷ್ಟು ಹೆಮ್ಮೆಯಾಗಿರಲಿಲ್ಲ.

ಜೊತೆಗಿದ್ದ ಅವ್ವ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕೂತು, 'ಇದೇನವ್ವ, ಗೋಡೆ ಮೇಲಿನ ಅಲ್ಲಿ ಮೀನಾಗಕ್ ಓಗಿ ಅರ್ಧಕ್ಕೇ ನಿಂತ್ಬುಟ್ಟದೆ' ಎಂದಳು. ಹಲ್ಲಿಗೆ ಹೋಲಿಸಿದರೂ, ಊರಿಗೆ ಹೋದಾಗಲೆಲ್ಲ ರಾಸಾಯನಿಕ ಗೊಬ್ಬರ ಬೀಳದ ಬಾಳೆಬುಡದಿಂದ ಎರೆಹುಳು ಹೆಕ್ಕಿ ಒದ್ದೆ ಬಟ್ಟೆಯಲ್ಲಿ ಕಟ್ಟಿ ತರುತ್ತಿದ್ದವಳು ಅವಳೇ. ಬೇಸಿಗೆ ಬಂತು. ನೀರು ಬಿಸಿಯಾದರೆ ದೊರೆಯ ಬಾಲದ ತುದಿ ಕೊಕ್ಕೆಯಂತೆ ಬಾಗುತ್ತಿತ್ತು, ಕಿವಿರು ಮುಂದಕ್ಕೆ ಮಡಚಿಕೊಳ್ಳುತ್ತಿತ್ತು. ತೊಟ್ಟಿಯ ಮೇಲೆ ಫ್ಯಾನು ತಿರುಗಿಸಿಟ್ಟೆ. ನಮ್ಮ ಮನೆಗೆ ಬಂದ ಮೊದಲ ಫ್ರಿಜ್ಜಿನಲ್ಲಿ ನೀರಿನ ಬಾಟಲಿ ಗಟ್ಟಿಮಾಡಿ, ಒಂದು ಕರಗಿದಂತೆ ಇನ್ನೊಂದು ತೇಲಿಬಿಟ್ಟೆ. 'ಮಜ್ಗೆ ಇಡಕ್ ಜಾಗಿಲ್ಲ, ದೊರೆಗ್ ಮಾತ್ರ ಐಸು' ಎಂದು ಅವ್ವ ಗೊಣಗಿದಳು. ಮಳೆ ಬೀಳುವ ಹೊತ್ತಿಗೆ ದೊರೆ ಮೊದಲಿಗಿಂತ ದಪ್ಪವಾಗಿತ್ತು.

ಆಪರೇಷನ್ ಆಗಿ ಕಣ್ಣು ಸರಿಹೋದ ಮೇಲೆ ಮೇಷ್ಟ್ರು ಬಂದರು. 'ಮನೆ ಬಿಕೋ ಅಂತಿದೆ, ಸ್ವಲ್ಪ ದಿನ ಇಟ್ಕೋತೀನಿ' ಎಂದು ತೊಟ್ಟಿ ಒಯ್ದರು. ಔಷಧಿ, ನಳಿಕೆ ಎಲ್ಲ ನಾನೇ ಕಟ್ಟಿಕೊಟ್ಟೆ. ಮತ್ತೆ ದೊರೆಯನ್ನು ಕಂಡದ್ದು ಅವರ ಮಗಳ ಮಾವ, ಅಂದರೆ ಅವರ ಬೀಗರು, ನಂಜನಗೂಡಿನಲ್ಲಿ ಕಟ್ಟಿಸಿದ ಹೊಸ ಮನೆಯ ಗೃಹಪ್ರವೇಶದಲ್ಲಿ. ವಾಸ್ತುವಿಗೆ ಹಾಲಿನಲ್ಲಿ ಮೀನಿನ ತೊಟ್ಟಿ ಇರಬೇಕೆಂದು ಬೀಗರು ಬಯಸಿದ್ದರಂತೆ. ಮೇಷ್ಟ್ರು ದೊರೆಯನ್ನೇ ಉಡುಗೊರೆ ಕೊಟ್ಟಿದ್ದರು. ತೊಟ್ಟಿ ಕಿಟಕಿಯ ಬಿಸಿಲಿಗೆ ಕೂತಿತ್ತು. ತಳಕ್ಕೆ ನೀಲಿ, ಹಳದಿ ಕಲ್ಲು ಹರಡಿದ್ದರು. ಜೊತೆಗೆ ಗೋಲ್ಡ್‌ಫಿಶ್ ಬಿಟ್ಟಿದ್ದರು. ಹೊಳೆಯಿಂದ ತಂದ ಗಂಗೆ ಪೂಜೆಯ ನೀರನ್ನು ಮನೆಯೆಲ್ಲ ಚಿಮುಕಿಸಿದ ಮೇಲೆ ಬೀಗಿತ್ತಿ, 'ಇದಕ್ಕೂ ಒಳ್ಳೇದಾಗ್ಲಿ' ಎಂದು ಚೊಂಬಿನಲ್ಲಿ ಉಳಿದದ್ದನ್ನು, ಅರಿಸಿನ ಕುಂಕುಮ ಹೂವಿನ ಸಮೇತ, ತೊಟ್ಟಿಗೆ ಸುರಿದರು.

ನಾನು ಮೇಷ್ಟ್ರ ಮುಖ ನೋಡಿದೆ. ನನ್ನ ಕೈಯ ಸೋಪಿಗೆ ಬೈದವರು ಬೀಗರ ಮುಂದೆ ಕೈಕಟ್ಟಿ ನಗುತ್ತಾ ನಿಂತಿದ್ದರು. ಅವರ ಎರಡೂ ತೋಳಿಗೆ ಗುಂಡಿ ಹಾಕಿತ್ತು.

'ಸಾ, ಕಲ್ಲು...' ಎಂದೆ.

'ಹೆಣ್ ಕೊಟ್ಟ ಮನೆ ಕಣಮ್ಮ. ಇವತ್ತು ಬೇಡ' ಎಂದು ಪಿಸುಗುಟ್ಟಿದರು.

ಮಾರನೆಯ ವಾರ ಅವರ ಮನೆಗೆ ಹೋದೆ, ದೊರೆಯನ್ನು ವಾಪಸು ತರಿಸಿ ಎಂದು ಕೇಳಲು. ಬೀಗರು ಆಗಲೇ ಜಗಲಿಯಲ್ಲಿ ಕೂತಿದ್ದರು. ಮುಂದೆ ಗೃಹಪ್ರವೇಶದ್ದೇ ಸ್ವೀಟ್ ಬಾಕ್ಸು. ಅದರೊಳಗೆ ದೊರೆ, ಕಿವಿರು ಹರಿದು, ಬಿಳಿಚಿಕೊಂಡು.

'ಏನ್ ಬೀಗ್ರೇ, ಹೊಸ ಮನೆಗೆ ಕಾಯ್ಲೆ ಜೀವ ಕೊಟ್ರಲ್ಲ. ಬಾಳೋ ಮನೇಲಿ ಸಾವಾಯ್ತು ಅಂತ ನಮ್ಮನೆಯೋರು ಊಟ ಬಿಟ್ಟವ್ರೆ. ನಿಮ್ ಮಗಳು ಅಲ್ಲಿ ಒಳಗ್ ಕೂತು ಅಳ್ತಾವ್ಳೆ.'

ನಾನು ಬಗ್ಗಿ ಅದರ ಹೊಟ್ಟೆ ಒತ್ತಿದೆ. ಬೆರಳಿಗೆ ಗಟ್ಟಿಯಾಗಿ ಸಿಕ್ಕವು. 'ಸಾ, ಕಲ್ಲು ಅವೆ ಸಾ ಒಳಗೆ.'

ಮೇಷ್ಟ್ರು ಬಾಕ್ಸಿನ ಕಡೆಗೆ ನೋಡಲಿಲ್ಲ. 'ಇವ್ಳೇ ಬೀಗ್ರೇ, ನರಸೀಪುರದಲ್ಲಿ ಇಟ್ಕೊಂಡಿದ್ದೋಳು. ಬೇಸಿಗೇಲಿ ಅಲ್ಲೇ ಕೆಟ್ಟಿತ್ತು ಅಂತ ಕಾಣತ್ತೆ. ಓದಿದ್ರೆ ಆಯ್ತಾ? ಸಾಕೋದು ಬರ್ಬೇಕು.'

'ಓಗ್ಲಿ ಬಿಡಿ. ಇವ್ರ ಕಡೆಯೋರಿಗೆ ಇವೆಲ್ಲ ಎಲ್ ಅಭ್ಯಾಸ ಇರ್ತದೆ' ಎಂದರು ಬೀಗರು, ದೊಡ್ಡ ಮನಸ್ಸು ಮಾಡಿದವರಂತೆ.

'ಕುಯ್ದು ನೋಡಿ ಸಾ' ಎಂದೆ. 'ಬ್ಲೇಡ್ ಕೊಡಿ, ನಾನೇ ಕುಯ್ತೀನಿ.'

'ಸಾಕು. ಮುಚ್ಚು ಅದನ್ನ.'

ಮುಚ್ಚಲಿಲ್ಲ. ಹಾಗೇ ಎದ್ದು ಬಸ್‌ಸ್ಟ್ಯಾಂಡಿಗೆ ನಡೆದೆ. ಹಳೆಯ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೂ ಆ ಮಾತು ಬಂತು: ಮೇಷ್ಟ್ರು ನಂಬಿ ಕೊಟ್ಟ ಜೀವವನ್ನು ನಾನು ಕೊಂದೆನಂತೆ. ಅದೇ ಗುಂಪಿನಲ್ಲಿದ್ದ ಮೇಷ್ಟ್ರು ಓದಿದರು. ಏನೂ ಬರೆಯಲಿಲ್ಲ. ಆಮೇಲೆ ನಾನು ಅವರ ಮನೆಗೆ ಹೋಗಲಿಲ್ಲ.

ಹೋದ ವರ್ಷ ಅವರು ತೀರಿಕೊಂಡರು. ತಿಥಿಯ ದಿನ ಹೋದೆ. ಅವರ ಹೆಂಡತಿ ನನ್ನನ್ನು ಅಡುಗೆಮನೆಗೆ ಕರೆದೊಯ್ದು ಕೈ ಹಿಡಿದುಕೊಂಡರು.

'ನೀನು ಹೋದ್ಮೇಲೆ ಹಿತ್ಲಲ್ಲಿ ಕುಯ್ದು ನೋಡಿದ್ರು ಕಣಮ್ಮ. ಹೊಟ್ಟೆ ತುಂಬ ಬಣ್ಣದ ಕಲ್ಲು. ಹುಡುಗಿ ಹೇಳಿದ್ದೇ ನಿಜ, ಅವಳ ಹತ್ರಾನೇ ಇದ್ದಿದ್ರೆ ಬದುಕಿರೋದು ಅನ್ನೋರು.'

'ಯಾರ ಹತ್ರ ಅನ್ನೋರಮ್ಮ?'

'ನನ್ನ ಹತ್ರ. ಇಲ್ಲೇ, ಊಟಕ್ ಕೂತಾಗ.'

ನಾನು ಕೈ ಬಿಡಿಸಿಕೊಂಡು ಹಾಲಿಗೆ ಬಂದೆ. ಹಾರ ಹಾಕಿದ ಫೋಟೋದಲ್ಲೂ ಮೇಷ್ಟ್ರ ಬಲತೋಳು ಮಡಚಿತ್ತು. ಕೈ ಮುಗಿದೆ, ಅಕ್ಷರ ಕೊಟ್ಟವರಿಗೆ ಮುಗಿಯಲೇಬೇಕು. ಆಮೇಲೆ ನೆಂಟರ ನಡುವೆ ಕೂತಿದ್ದ ಬೀಗರ ಕಡೆ ತಿರುಗಿದೆ.

'ದೊರೆ ಸತ್ತಿದ್ದು ನಿಮ್ಮನೆ ಕಲ್ಲು ನುಂಗಿ. ಮೇಷ್ಟ್ರು ಕುಯ್ದು ನೋಡಿದ್ರು.'

'ಇಂಥಾ ದಿನ ಆಡೋ ಮಾತೇನಮ್ಮ ಇದು?' ಎಂದರು ಬೀಗರು.

'ನೋಡಿದ್ದು ಹೇಳು ಅಂತ ಇವ್ರೇ ಕಲ್ಸಿದ್ದು' ಎಂದು ಫೋಟೋ ತೋರಿಸಿದೆ.

ಬೀಗರು ಅಡುಗೆಮನೆಯ ಬಾಗಿಲ ಕಡೆ ನೋಡಿದರು. ಅಲ್ಲಿ ನಿಂತಿದ್ದ ಮೇಷ್ಟ್ರ ಹೆಂಡತಿ ಸೆರಗಿನಿಂದ ಬಾಯಿ ಒರೆಸಿಕೊಂಡರು. ಇಲ್ಲ ಎನ್ನಲಿಲ್ಲ.