ಕೌದಿಯ ಅರ್ಧ ನನ್ನದು

ನಮ್ಮ ಸ್ಟುಡಿಯೊ ಶಹಾಪುರದಲ್ಲಿ ಹತ್ತಿ ವ್ಯಾಪಾರಿಯೊಬ್ಬರ ಅಂಗಡಿಯ ಮಹಡಿಯ ಮೇಲಿತ್ತು. ಸ್ಟುಡಿಯೊ ಅಂದರೆ ದೊಡ್ಡದೇನಲ್ಲ: ಎರಡು ಕಂಪ್ಯೂಟರು, ಒಂದು ಮುನಿಸಿಕೊಳ್ಳುವ ಪ್ರಿಂಟರು, ನಾನು ಮತ್ತು ನನ್ನ ಗೆಳತಿ. ಕಿಟಕಿ ತೆರೆದರೆ ಅರಳೆ ಹಾರಿಬಂದು ಕೀಬೋರ್ಡಿನ ಮೇಲೆ ಕೂರುತ್ತಿತ್ತು, ಮುಚ್ಚಿದರೆ ಇಬ್ಬರೂ ಬೇಯುತ್ತಿದ್ದೆವು. ಸುರಪುರದ ಕಾಲೇಜಿನಲ್ಲಿ ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಮದುವೆ ಪತ್ರಿಕೆ, ರಂಗಂಪೇಟೆಯ ಬಟ್ಟೆ ಅಂಗಡಿಗಳ ಬೋರ್ಡು, ಬೀಜದ ಚೀಲದ ಮೇಲಿನ ಚಿತ್ರ, ಬಂದದ್ದನ್ನೆಲ್ಲ ಮಾಡಿದೆವು.

ಕೆಲಸದ ರೀತಿಯನ್ನು ನಾನು ದೋರನಹಳ್ಳಿಯ ನಮ್ಮ ಮನೆಯಿಂದ ತಂದಿದ್ದೆ. ಅಲ್ಲಿ ಹಳೇ ಸೀರೆಗಳನ್ನು ಜೋಡಿಸಿ ಕೌದಿ ಹೊಲಿಯುವಾಗ ಹೆಂಗಸರು ಸುತ್ತ ಕೂತು, ಅಂಚಿನಿಂದ ಶುರುಮಾಡಿ ನಡುವಿಗೆ ಬರುತ್ತಾರೆ. ನಾವೂ ಹಾಗೇ. ಚಿತ್ರದ ಆ ಅಂಚಿನಿಂದ ಅವಳು, ಈ ಅಂಚಿನಿಂದ ನಾನು. ಯಾವುದು ಯಾರ ಕೈ ಅಂತ ಕೇಳಿದರೆ ಇಬ್ಬರಿಗೂ ನಗು ಬರುತ್ತಿತ್ತು. ಕೌದಿಯ ಮೇಲೆ ಯಾರಾದರೂ ಹೆಸರು ಬರೆಯುತ್ತಾರೆಯೇ?

ಪೋರ್ಚುಗಲ್‌ನ ಒಂದು ಸ್ಟುಡಿಯೊ ಇಂಟರ್ನೆಟ್ಟಿನಲ್ಲಿ ನಮ್ಮ ಕೆಲಸ ನೋಡಿ ಜೊತೆಗೂಡಿ ಪೋಸ್ಟರ್ ಮಾಡೋಣ ಅಂದಾಗ ನಮ್ಮ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಅವರು ಅಕ್ಷರ, ಚೌಕಟ್ಟು ಜೋಡಿಸಿ ಕಳಿಸುವುದು, ನಾವು ಚಿತ್ರ ತುಂಬಿಸಿ ವಾಪಸು ಕಳಿಸುವುದು. ವಿಡಿಯೊದಲ್ಲಿ ಮಾತಾಡುವ ಜವಾಬ್ದಾರಿ ಗೆಳತಿಯದು. ನನ್ನ ಇಂಗ್ಲಿಷ್ ಕೇಳಲು ಸಾಕು, ಆಡಲು ಸಾಲದು. ಅವಳು ಮಾತಾಡುವಾಗ ನಾನು ಚಹಾ ತಂದಿಡುತ್ತಿದ್ದೆ. ಮನೆಗೆ ಬಂದವರಿಗೆ ಚಹಾ ಕೊಡುವ ಜನ ನಾವು, ಪರದೆಯ ಮೇಲೆ ಬಂದವರ ಎದುರಿಗೂ ಆ ಅಭ್ಯಾಸ ಹೋಗಲಿಲ್ಲ.

ಪೋಸ್ಟರುಗಳು ಅಲ್ಲಿ ಪ್ರದರ್ಶನಗೊಂಡ ಮೇಲೆ ಆ ಸ್ಟುಡಿಯೊದ ಹೆಂಗಸು ನಮ್ಮನ್ನು ನೋಡಲೆಂದೇ ಬಂದಳು. ಕೌದಿ ಹೊಲಿಯುವುದನ್ನು ನೋಡಬೇಕು ಅಂದಳಂತೆ. ಕಾಲುವೆ ಪಕ್ಕದ ಗದ್ದೆಗಳನ್ನು ತೋರಿಸುತ್ತ ದೋರನಹಳ್ಳಿಗೆ ಕರಕೊಂಡು ಹೋದೆವು. ಅವ್ವ ಪಡಸಾಲೆಯಲ್ಲಿ ಕೌದಿ ಹಾಸಿದಳು. ಬಂದಾಕೆ ಅದರ ಪಕ್ಕದಲ್ಲಿ ನಮ್ಮ ಪೋಸ್ಟರು ಬಿಚ್ಚಿಟ್ಟಳು. ಕೆಳಗೆ ಅವರ ಸ್ಟುಡಿಯೊದ ಹೆಸರು, ಅದರ ಪಕ್ಕ ನನ್ನ ಗೆಳತಿಯ ಹೆಸರು. ಅಷ್ಟೇ. ನಾನು ಮತ್ತೊಮ್ಮೆ ಓದಿದೆ, ಮೂರ್ಖಳ ಹಾಗೆ.

ಅಷ್ಟರಲ್ಲಿ ಆಕೆ ನನ್ನ ಕಡೆ ಕೈ ತೋರಿಸಿ, ನಿನಗೆ ಹಳ್ಳಿಯಿಂದ ಕೌದಿ ತಂದುಕೊಟ್ಟು ಚಹಾ ಮಾಡುವ ಹುಡುಗಿ ಇವಳೇ ಅಲ್ಲವೇ ಅಂತ ಗೆಳತಿಯನ್ನು ಕೇಳಿದಳು. ಗೆಳತಿ ಹೌದು ಅಂದಳು. ಆಮೇಲೆ ಅವ್ವನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದಳು:

"ಅಕಿಗಿ ನಿಮ್ಮ ಕೌದಿ ಭಾಳ ಸೇರ್ಯಾವಂತ್ರಿ."

ಒಂದೇ ಡಬ್ಬಿಯ ಅನ್ನಕ್ಕೆ ಇದೇ ಬೆಲೆಯೇ ಅನ್ನಿಸಿತು. ಕೂಡಿಸಿಕೊಂಡ ಇಂಗ್ಲಿಷಿನಲ್ಲಿ ಪೋಸ್ಟರಿನ ಮೇಲೆ ಕೈಯಿಟ್ಟು ಅಂದೆ, "ಹಾಫ್, ಮೈ ಡ್ರಾಯಿಂಗ್."

ಆಕೆ ಗೊಂದಲದಿಂದ ಗೆಳತಿಯ ಮುಖ ನೋಡಿದಳು. ಗೆಳತಿ ನನ್ನ ಹೆಗಲ ಮೇಲೆ ಕೈ ಹಾಕಿ ನಕ್ಕು, ಇವಳು ಯಾವಾಗಲೂ ತಮಾಷೆ ಮಾಡುತ್ತಾಳೆ ಅಂದಳು. ಆಕೆಯೂ ನಕ್ಕಳು. ಇಬ್ಬರೂ ನಗುವುದು ನೋಡಿ, ಒಂದಕ್ಷರವೂ ತಿಳಿಯದ ಅವ್ವ, ಮಗಳು ಏನೋ ಚಂದದ ಮಾತಾಡಿರಬೇಕು ಅಂತ ಹಿಗ್ಗಿ ತಾನೂ ನಕ್ಕಳು. ಅವ್ವ ಅಷ್ಟು ಮನಸಾರೆ ನಗುವಾಗ ನಾನು ಜಗಳ ತೆಗೆಯಲಾರದೆ ಹೋದೆ.

ಅವರಿಬ್ಬರೂ ಕಾರು ಹತ್ತಿ ಹೋದರು. ನಾನು ಅವ್ವನ ಹತ್ತಿರ ಇರುತ್ತೇನೆಂದು ಉಳಿದೆ. ಸ್ಟುಡಿಯೊಗೆ ಮತ್ತೆ ಹೋಗುವುದಿಲ್ಲ ಅಂತ ಆಗಲೇ ಗೊತ್ತಿತ್ತು. ಅವ್ವ ಕೌದಿ ಮಡಚುತ್ತ ಕೂತಿದ್ದಳು.

"ನಿನ್ನ ಗೆಳತಿ ಭಾಳ ಚಲೋ ಹುಡುಗಿ ನೋಡು," ಅಂದಳು. "ನಮ್ಮ ಮಾತು ಅವರಿಗಿ ತಿಳಿಯೋ ಹಂಗ ಎಷ್ಟು ಚಂದ ಹೇಳ್ತಾಳ."

ಹೌದವ್ವ ಅಂದೆ. ಹುಟ್ಟಿದಾಗಿನಿಂದ ಅವ್ವನ ಮುಂದೆ ಸುಳ್ಳು ಹೇಳಿದವಳಲ್ಲ ನಾನು. ಆ ಸುಳ್ಳನ್ನೂ ಗೆಳತಿ ನನ್ನಿಂದ ಹೇಳಿಸಿದಳು.